ಮುಪ್ಪಿನಲ್ಲಿ ವ್ರತ: ಶಕ್ತಿಯನ್ನರಿತು ತಪ



ಫಾಲ್ಗುಣದ ಅಷ್ಟಾಹ್ನಿಕ ಪರ್ವ ಬರುವ ವೇಳೆಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ಬಿಸಿಲು ಬಲಿಯತೊಡಗಿರುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಹರೆಯದಿಂದಲೂ ತಪ್ಪದೆ ನಿರ್ಜಲ ಉಪವಾಸ ಮಾಡಿದ ಅಜ್ಜಿ ಈ ಸಲವೂ ಮಾಡುವೆನೆನ್ನುತ್ತಾರೆ, ಮಕ್ಕಳು ಬೇಡವೆನ್ನುತ್ತಾರೆ. ಅವರಿಗೆ ವ್ರತಭಂಗದ ಭಯ, ಇವರಿಗೆ ಪ್ರಾಣಭಯ. ಇಲ್ಲಿ ಧರ್ಮ ಯಾವುದು?

ಮುಪ್ಪಿನಲ್ಲಿ ಕಣ್ಣು ಮಂಜಾಗುತ್ತದೆ, ಮಂಡಿ ಮಡಚದಾಗುತ್ತದೆ, ಬಾಯಿಪಾಠವಾಗಿದ್ದ ಸ್ತೋತ್ರವೂ ನಡುವೆ ಮರೆಯುತ್ತದೆ. ಬಾಯಾರಿಕೆಯ ಅರಿವೇ ಕುಗ್ಗುವುದರಿಂದ ದೇಹದಲ್ಲಿ ನೀರು ಕಡಿಮೆಯಾದದ್ದು ವೃದ್ಧರಿಗೆ ಬೇಗ ತಿಳಿಯದು. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರು ಉಪವಾಸವಿದ್ದರೆ ರಕ್ತದ ಸಕ್ಕರೆ ಇಳಿದು ಎಚ್ಚರ ತಪ್ಪಲೂಬಹುದು. ಇದು ಶ್ರದ್ಧೆಯ ಕೊರತೆಯಲ್ಲ, ಪುದ್ಗಲದ ಪರಿಣಮನ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಬರುವ 16 ಭಾವನೆಗಳಲ್ಲಿ ತ್ಯಾಗ, ತಪಗಳಿಗೆ ಶಕ್ತಿಯೇ ಅಳತೆ. ಶಕ್ತಿಯನ್ನು ಅಡಗಿಸುವುದು ಹೇಗೆ ದೋಷವೋ, ಮೀರುವುದೂ ಹಾಗೆಯೇ. 9ನೆಯ ಅಧ್ಯಾಯವು ಹೇಳುವ 6 ಬಾಹ್ಯತಪಗಳಲ್ಲಿ ಅನಶನ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ, ತುಪ್ಪ-ಬೆಲ್ಲಗಳಂಥ ರಸಗಳನ್ನು ಬಿಡುವ ರಸಪರಿತ್ಯಾಗವೂ ತಪಸ್ಸೇ.

ಕೆಲವರು ಆಚಾರ್ಯ ಶಾಂತಿಸಾಗರರನ್ನು ನೆನೆಯುತ್ತಾರೆ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆ ಮಹಾಮುನಿಗಳು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ದೃಷ್ಟಿ ಕುಂದಿ ನೆಲದ ಸಣ್ಣ ಜೀವಿಗಳು ಕಾಣದಾದಾಗ ಈರ್ಯಾಸಮಿತಿ ಸಾಗದೆಂಬುದೇ ಆ ನಿರ್ಣಯದ ಹಿಂದಿನ ಕಾರಣ; ಅದು ಅಹಿಂಸೆಗಾಗಿ ಕೈಗೊಂಡದ್ದು, ಮುಪ್ಪಿನ ಬೇಸರದಿಂದಲ್ಲ. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಮುಪ್ಪನ್ನು ಒಂದು ಸಂದರ್ಭವೆಂದು ಹೇಳುವಾಗ, ಅದು ಪ್ರತೀಕಾರವಿಲ್ಲದ್ದಾಗಿರಬೇಕೆಂದಿದ್ದಾರೆ. ಪರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಿದೆ, ಸಕ್ಕರೆಗೆ ಔಷಧಿಯಿದೆ. ಪ್ರತೀಕಾರವಿರುವಲ್ಲಿ ಅದನ್ನು ಮಾಡಿಕೊಳ್ಳುವುದೇ ಗೃಹಸ್ಥನಿಗೆ ಯೋಗ್ಯ.

ಆದ್ದರಿಂದ ಹಿರಿಯರು ಗುರುಗಳಲ್ಲಿ ನಿವೇದಿಸಿ, ವೈದ್ಯರನ್ನು ಕೇಳಿ, ಉಪವಾಸವನ್ನು ಏಕಾಶನಕ್ಕೆ ಇಳಿಸಿಕೊಳ್ಳಲಿ. ಸೋಸಿ ಕಾಯಿಸಿದ ನೀರು, ಜೋಳದ ಗಂಜಿ, ಸೂರ್ಯಾಸ್ತಕ್ಕೆ ಮೊದಲೇ ಔಷಧಿ ಇವು ಸಾಧ್ಯವೇ ಎಂದು ವಿಚಾರಿಸಲಿ. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತು ಸಾಮಾಯಿಕ ಮಾಡಲಿ. ಸ್ತೋತ್ರ ಮರೆತವರಿಗೆ ಣಮೋಕಾರ ಸಾಕು.

ಮನೆಯ ಕಿರಿಯರೇ, "ಇನ್ನು ನಿಮ್ಮಿಂದಾಗದು" ಎಂಬ ಮಾತು ಹಸಿವಿಗಿಂತ ಹೆಚ್ಚು ನೋಯಿಸುತ್ತದೆ. ನೀವು ಉಪವಾಸವಿದ್ದ ದಿನ ಅವರ ಬಳಿ ಕುಳಿತು ನೋಂಪಿಯ ಕಥೆ ಹೇಳಿಸಿಕೊಳ್ಳಿರಿ. ಈ ಮನೆಗೆ ವ್ರತ ಕಲಿಸಿದವರು ಅವರೇ.