ಮಹಿಷನ ವರ, ಗಂಡಿನ ಪೌರುಷ

ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಅರಿಸಿನ ಕುಂಕುಮದಿಂದ ತುಂಬಿಹೋಗುತ್ತವೆ. ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಬಗ್ಗಿ, ಹಚ್ಚಿ, ಕೈಮುಗಿದು ಮೇಲೇರುತ್ತಾರೆ. ಮಿಕ್ಕ ದಿನಗಳಲ್ಲಿ ಅದೇ ಮೆಟ್ಟಿಲುಗಳ ಮೇಲೆ ಬೆವರು ಸುರಿಸುವ ಗಂಡಸರೂ ಬಹಳ: ಸಕ್ಕರೆ ಕಾಯಿಲೆಗೆ ನಡಿಗೆ ಹೇಳಿಸಿಕೊಂಡವರು, ಮೈಕಟ್ಟಿನ ಹುಡುಗರು, ನಿವೃತ್ತರು. ಮೆಟ್ಟಿಲು ಸಾವಿರದಷ್ಟಿವೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ ಆದದ್ದು. ಅವರ ಕಾಲದ್ದೇ ಆದ ನಂದಿಯ ಹತ್ತಿರ ಬರುವಷ್ಟರಲ್ಲಿ ಹರಕೆಯವರಿಗೂ ವ್ಯಾಯಾಮದವರಿಗೂ ಒಂದೇ ಏದುಸಿರು.

ಮೇಲೆ ಮಹಿಷಾಸುರ ನಿಂತಿದ್ದಾನೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ಅವನನ್ನು ಈ ನಾಡಿನ ದೊರೆಯೆಂದು ಗೌರವಿಸುವವರೂ ಮೈಸೂರಿನಲ್ಲಿದ್ದಾರೆ. ಪುರಾಣದ ಮಹಿಷ ಮಾತ್ರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದವನು. ಯಾವ ಗಂಡಿನಿಂದಲೂ ತನಗೆ ಸಾವು ಬರಬಾರದು ಎಂದ. ಹೆಣ್ಣು ತನ್ನನ್ನೇನು ಮಾಡಿಯಾಳು ಎಂಬ ಎಣಿಕೆ. ಗಂಡುತನವೊಂದನ್ನೇ ಅಳತೆಗೋಲು ಮಾಡಿಕೊಂಡು ಬೇಡಿದ. ಆ ಅಳತೆಗೆ ಸಿಕ್ಕದೆ ಉಳಿದವಳ ಕೈಯಲ್ಲಿ ಸತ್ತ.

ಇಂದು ಆ ವರ ಪುಟ್ಟ ಸೀಸೆಗಳಲ್ಲಿ ಬರುತ್ತಿದೆ. ಸ್ನಾಯು ಬೆಳೆಯಲು, ಗಾಯ ಮಾಯಲು, ಯೌವನ ಮರಳಲು ಪೆಪ್ಟೈಡ್ ಚುಚ್ಚಿಕೊಳ್ಳಿ ಎಂಬ ಮಾತು ಮೊಬೈಲಿನಿಂದ ಜಿಮ್ಮಿಗೆ, ಜಿಮ್ಮಿನಿಂದ ಮನೆಗೆ ಹಬ್ಬುತ್ತಿದೆ. ಪೌರುಷವನ್ನು ಹೊರಗಿನಿಂದ ತುಂಬಿಸಿಕೊಳ್ಳಲು ಆದೀತೆ?

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳನ್ನು ಹೂವಿನಂತೆ ಪೋಣಿಸಿದ ಗಿಡ್ಡ ಸರ. ಇನ್ಸುಲಿನ್ನಿನಲ್ಲಿ ಅಂಥ 51 ಹೂಗಳು. ಗಂಡಸಿನ ಫಲವಂತಿಕೆಯ ಮೂಲದಲ್ಲಿರುವ ಜಿಎನ್‌ಆರ್‌ಎಚ್ ಎಂಬ ಸರದಲ್ಲಿ ಹತ್ತೇ ಹತ್ತು. ಮೆದುಳಿನ ಹೈಪೊಥಲಾಮಸ್ಸಿನಿಂದ ಅದು ಹೆಚ್ಚುಕಡಿಮೆ ಒಂದೂವರೆ ಎರಡು ಗಂಟೆಗೊಮ್ಮೆ ತೊಟ್ಟು ತೊಟ್ಟಾಗಿ ಹೊಮ್ಮುತ್ತದೆ. ಪಿಟ್ಯುಟರಿ ಗ್ರಂಥಿ ಆ ಕರೆಗೆ ಓಗೊಟ್ಟಾಗಲೇ ವೃಷಣಗಳಲ್ಲಿ ಟೆಸ್ಟೊಸ್ಟೆರಾನ್, ವೀರ್ಯಾಣು. ಹತ್ತು ಹೂಗಳ ಈ ಸರದ ರಚನೆಯನ್ನು ಬಿಡಿಸಿದ ಆಂಡ್ರ್ಯೂ ಶಾಲಿ, ರೋಜರ್ ಗಿಲ್ಮಿನ್ ಅವರಿಗೆ 1977ರಲ್ಲಿ ನೊಬೆಲ್ ಬಂತು. ಮರುವರ್ಷ ಅರ್ನ್‌ಸ್ಟ್ ಕ್ನೊಬಿಲ್ ತಂಡ ಕೋತಿಗಳಲ್ಲಿ ಕಂಡದ್ದು ಇನ್ನೂ ದೊಡ್ಡ ಸಂಗತಿ. ಇದೇ ಪೆಪ್ಟೈಡನ್ನು ಬಿಡುವು ಕೊಟ್ಟು ಕೊಟ್ಟರೆ ಗ್ರಂಥಿ ಕೆಲಸ ಮಾಡುತ್ತದೆ. ಬಿಡುವಿಲ್ಲದೆ ಸುರಿದರೆ ಕಿವುಡಾಗುತ್ತದೆ. ಆ ಕಿವುಡನ್ನೇ ಬಳಸಿಕೊಂಡು ವೈದ್ಯರು ಲ್ಯುಪ್ರೊಲೈಡ್‌ನಂಥ ಔಷಧದಿಂದ ಟೆಸ್ಟೊಸ್ಟೆರಾನನ್ನು ತಗ್ಗಿಸಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಕೊಡುತ್ತಾರೆ. ಹೀಗೆ ಗಂಡುತನವೆಂದು ಲೋಕ ಕೊಂಡಾಡುವುದರ ಬುಡದಲ್ಲಿರುವುದು ಒಂದು ತಾಳ, ಎರಡು ಬಡಿತಗಳ ನಡುವಿನ ಬಿಡುವು.

ಪೌರುಷ ಎಂಬ ಮಾತಿಗೆ ಗಂಡುಗಲಿತನ ಒಂದೇ ಅರ್ಥವಲ್ಲ, ಪ್ರಯತ್ನ ಎಂಬ ಅರ್ಥವೂ ಇದೆ. ಚರಕಸಂಹಿತೆಯ ವಿಮಾನಸ್ಥಾನ ಮನುಷ್ಯನ ಆಯಸ್ಸನ್ನು ದೈವ ಮತ್ತು ಪುರುಷಕಾರ ಎಂಬ ಎರಡರ ಮೇಲೆ ನಿಲ್ಲಿಸುತ್ತದೆ. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ. ಅಪ್ಪ ಅಮ್ಮನಿಂದ ಬಂದ ಮೈಗುಣವನ್ನು ದೈವದ ಲೆಕ್ಕಕ್ಕೆ ಬರೆದುಕೊಂಡರೂ ನಿದ್ದೆ, ಊಟ, ನಡಿಗೆ ಪುರುಷಕಾರದ ಲೆಕ್ಕಕ್ಕೇ ಉಳಿಯುತ್ತವೆ.

ಹಾಗಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳುವವನೂ ಎರವಲು ವರದ ಮೇಲೆ ಬದುಕುತ್ತಿದ್ದಾನೆಯೆ? ಖಂಡಿತ ಇಲ್ಲ. ಮೈ ತಯಾರಿಸಲಾರದ್ದನ್ನು ಮೈಗೆ ಕೊಡುವುದು ಋಣ ತೀರಿಸಿದಂತೆ. ಹುಟ್ಟಿನಿಂದಲೇ ಜಿಎನ್‌ಆರ್‌ಎಚ್ ಹೊಮ್ಮದ ಗಂಡಸರಿಗೆ ಪುಟ್ಟ ಪಂಪಿನ ಮೂಲಕ ಅದೇ ತಾಳದಲ್ಲಿ ಅದನ್ನು ಕೊಟ್ಟು, ಅವರು ತಂದೆಯಾದದ್ದೂ ಉಂಟು. ಮಹಿಷನ ಕೈಯ ಹಾವನ್ನು ನೋಡಿದಾಗಲೂ ಇದು ನೆನಪಾಗಬೇಕು. ಬ್ರೆಜಿಲಿನ ಒಂದು ಮಂಡಲದ ಹಾವಿನ ವಿಷದಲ್ಲಿದ್ದ ಪೆಪ್ಟೈಡುಗಳ ಜಾಡು ಹಿಡಿದು ಹೋದವರಿಗೆ ಕ್ಯಾಪ್ಟೊಪ್ರಿಲ್ ಸಿಕ್ಕಿತು. ರಕ್ತದೊತ್ತಡದ ಎಷ್ಟೋ ಜನರಿಗೆ ಅದು ಆಸರೆ.

ಕೊರತೆಯಿಲ್ಲದಲ್ಲಿ ಹೆಚ್ಚಿಗೆ ಬೇಡುವುದೇ ಮಹಿಷನ ದಾರಿ. ಸೀಸೆಗಳಲ್ಲಿ ಹೆಸರಾದ ಬಿಪಿಸಿ-157 ಎಂಬ 15 ಅಮೈನೊ ಆಮ್ಲಗಳ ಪೆಪ್ಟೈಡನ್ನು ಅಮೆರಿಕದ ಔಷಧ ನಿಯಂತ್ರಕರು ಯಾವ ಕಾಯಿಲೆಗೂ ಒಪ್ಪಿಲ್ಲ. 2022ರಿಂದ ಅದು ಕ್ರೀಡೆಯ ಉದ್ದೀಪನ ಮದ್ದು ತಡೆಯುವ ವಿಶ್ವಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಪೆಪ್ಟೈಡ್ ಅಲ್ಲದ ಟೆಸ್ಟೊಸ್ಟೆರಾನಿನ ಕಥೆ ಇನ್ನೂ ಕಟು. ಹೊರಗಿನಿಂದ ತುಂಬಿದಾಗ ಮೆದುಳು ತನ್ನ ಕರೆಯನ್ನು ನಿಲ್ಲಿಸುತ್ತದೆ, ವೀರ್ಯಾಣು ಇಳಿಯುತ್ತದೆ, ವೃಷಣ ಕುಗ್ಗುತ್ತದೆ. ಗಂಡಸಾಗಿ ಕಾಣಲು ಚುಚ್ಚಿಕೊಂಡವನಿಗೆ ಮಕ್ಕಳಾಗುವುದೇ ಕಷ್ಟವಾಗಬಹುದು. ಬೇಡಿದ್ದೆಲ್ಲ ಸಿಕ್ಕಿತು, ಬೇಡದೆ ಬಿಟ್ಟ ಕಡೆಯಿಂದ ಪೆಟ್ಟು ಬಿತ್ತು. ಪುರಾಣ ಇದನ್ನು ಎಂದೋ ಕಂಡಿತ್ತು.

ಹೃದಯವೂ ಪೆಪ್ಟೈಡ್ ತಯಾರಿಸುತ್ತದೆ. ಅಡಾಲ್ಫೊ ಡಿ ಬೋಲ್ಡ್ 1981ರಲ್ಲಿ ಇದರ ಸುಳಿವು ಕೊಡುವವರೆಗೆ ಹೃದಯವೆಂದರೆ ಬರೀ ಪಂಪು ಎಂದೇ ಜನ ತಿಳಿದಿದ್ದರು. ಮೆಟ್ಟಿಲೇರುವಾಗ ರಕ್ತ ನುಗ್ಗಿ ಮೇಲಿನ ಕೋಣೆಗಳು ಹಿಗ್ಗುತ್ತವೆ, 28 ಅಮೈನೊ ಆಮ್ಲಗಳ ಸರವೊಂದು ರಕ್ತಕ್ಕಿಳಿದು ನಾಳಗಳನ್ನು ಸಡಿಲಿಸುತ್ತದೆ. ಅದಕ್ಕೆ ಯಾರೂ ಹಣ ತೆರಬೇಕಿಲ್ಲ. ಮಕ್ಕಳಾಗಲಿಲ್ಲವೆಂದೋ ಬಲ ಕುಂದಿತೆಂದೋ ಒಳಗೊಳಗೇ ಕೊರಗುವ ಗಂಡಸರು ನಾಚಿಕೆ ಬಿಟ್ಟು ವೈದ್ಯರನ್ನು ಕಾಣಲಿ, ರಕ್ತ ಪರೀಕ್ಷೆ ಮಾಡಿಸಲಿ. ಗೆಳೆಯ ತಂದುಕೊಟ್ಟ ಹೆಸರಿಲ್ಲದ ಸೀಸೆಯ ಮುಚ್ಚಳ ಮುಚ್ಚಿಯೇ ಇರಲಿ.