ಸಂಶಯ, ನಿಶ್ಚಯ ಮತ್ತು ಗೃಹಧರ್ಮ

ಅಂಗವೇ ಲಿಂಗಕ್ಕೆ ನೆಲೆಯೆಂಬುದು ವೀರಶೈವ ಸಿದ್ಧಾಂತದ ಮೂಲಭೂತವಾದ ತಿಳಿವಳಿಕೆ. ಇಷ್ಟಲಿಂಗವನ್ನು ಧರಿಸಿದ ಶರೀರವು ಹೇಯವಾದುದಲ್ಲ, ಪಾಪದ ಗೂಡಲ್ಲ, ಅದು ಪ್ರಸಾದಕಾಯ. ಈ ಮಾತನ್ನು ಒಪ್ಪದ ಭಕ್ತರಿಲ್ಲ. ಆದರೆ ಒಪ್ಪಿದ ತತ್ತ್ವವು ಆಚರಣೆಯಲ್ಲಿ ಎಷ್ಟರಮಟ್ಟಿಗೆ ನಿಂತಿದೆಯೆಂಬುದನ್ನು ಅಳೆಯಲು ಮನೆಯೊಳಗಿನ ಒಂದು ಸಣ್ಣ ಸಂದರ್ಭವೇ ಸಾಕು. ಹೆಣ್ಣುಮಗಳೊಬ್ಬಳ ಮುಟ್ಟು ಗೊತ್ತಾದ ದಿನಕ್ಕೆ ಬರಲಿಲ್ಲ. ಗರ್ಭಪರೀಕ್ಷೆ ಮಾಡಿ ನೋಡಿದರೆ ಗರ್ಭವಿಲ್ಲವೆಂದು ತೋರಿತು. ಆ ನಡುವಣ ದಿನಗಳಲ್ಲಿ ಮನೆಯವರು ಏನನ್ನು ತಿಳಿಯಬೇಕು, ಹೇಗೆ ನಡೆದುಕೊಳ್ಳಬೇಕು? ಇದು ವೈದ್ಯಕ್ಕೆ ಸೇರಿದ ಪ್ರಶ್ನೆಯಂತೆ ಕಂಡರೂ ಧರ್ಮಕ್ಕೂ ಸೇರಿದುದಾಗಿದೆ.

ಎರಡು ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಒಂದರಲ್ಲಿ ಮದುವೆಯಾಗಿ ಮೂರು ವರ್ಷವಾದ ಸೊಸೆ. ಮುಟ್ಟು ಹತ್ತು ದಿನ ಮುಂದೆ ಹೋಯಿತೆಂದು ತಿಳಿದೊಡನೆ ಅತ್ತೆಗೆ ಹರ್ಷ, ಸೊಸೆಗೆ ಭಾರ ಎತ್ತಬೇಡವೆಂಬ ಉಪಚಾರ, ತವರಿಗೆ ಸುದ್ದಿ. ಪರೀಕ್ಷಾಪಟ್ಟಿಯ ಮೇಲೆ ಒಂದೇ ಗೆರೆ ಮೂಡಿದ ದಿನ ಆ ಹರ್ಷವೆಲ್ಲ ಮುನಿಸಾಗಿ ತಿರುಗಿತು. "ಈ ಸಲವೂ ಇಲ್ಲವೇ?" ಎಂಬ ಮಾತು ಊಟದ ಹೊತ್ತಿಗೊಮ್ಮೆ ಕೇಳಿಬರತೊಡಗಿತು. ಇನ್ನೊಂದು ಮನೆಯಲ್ಲಿ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಓದುವ, ಇನ್ನೂ ಮದುವೆಯಾಗದ ಮಗಳು. ಪರೀಕ್ಷೆ ಮುಗಿಸಿ ಊರಿಗೆ ಬಂದವಳಿಗೆ ಎರಡು ತಿಂಗಳಿಂದ ಮುಟ್ಟಿಲ್ಲವೆಂದು ತಾಯಿಗೆ ತಿಳಿಯಿತು. ಗುಟ್ಟಾಗಿ ಪರೀಕ್ಷಿಸಿದಾಗ ಗರ್ಭವಿಲ್ಲವೆಂದು ತೋರಿದರೂ ತಂದೆತಾಯಿಗಳ ಮನಸ್ಸಿನ ಸಂದೇಹ ಹೋಗಲಿಲ್ಲ. "ಪಟ್ಟಿ ತಪ್ಪು ತೋರಿಸಿರಬಹುದು" ಎಂದರು. ಮಗಳ ಓದು ನಿಲ್ಲುವ ಮಾತು ಬಂದಿತು. ಮೊದಲ ಮನೆಯನ್ನು ಆಸೆಯು ಕಾಡಿತು, ಎರಡನೆಯದನ್ನು ಅನುಮಾನವು ಕಾಡಿತು. ಆದರೆ ಎರಡೂ ಕಡೆ ಆದ ದೋಷ ಒಂದೇ. ಮೈ ತೋರಿದ ಒಂದು ಚಿಹ್ನೆಯನ್ನು ಮನೆಯವರು ತಮ್ಮ ಮನಸ್ಸಿನಲ್ಲಿದ್ದಂತೆ ಓದಿದರು.

ತರ್ಕಶಾಸ್ತ್ರವನ್ನು ಓದಿದವರು ಈ ದೋಷವನ್ನು ಸುಲಭವಾಗಿ ಗುರುತಿಸಬಲ್ಲರು. ಹೊಗೆಯಿದ್ದಲ್ಲಿ ಬೆಂಕಿಯುಂಟು; ಆದಕಾರಣ ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಬೆಂಕಿಯನ್ನು ಊಹಿಸಬಹುದು. ಆದರೆ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ಗರ್ಭ ನಿಂತಲ್ಲಿ ಮುಟ್ಟು ನಿಲ್ಲುವುದು. ಆದರೆ ಮುಟ್ಟು ನಿಂತಲ್ಲೆಲ್ಲ ಗರ್ಭವಿರಬೇಕೆಂಬ ನಿಯಮವಿಲ್ಲ. ಇಂತಹ ಹೇತುವನ್ನು ನೈಯಾಯಿಕರು ಸವ್ಯಭಿಚಾರ ಹೇತುವೆಂದು ಕರೆದರು. ಅದು ಸಾಧ್ಯವನ್ನು ಬಿಟ್ಟು ಬೇರೆಡೆಯಲ್ಲಿಯೂ ಸಂಚರಿಸುವಂತಹುದು. ಆ ಎರಡನೆಯ ಮನೆಯಲ್ಲಿ ವ್ಯಭಿಚಾರವಿದ್ದುದು ತಂದೆತಾಯಿಗಳು ಹಿಡಿದ ಹೇತುವಿನಲ್ಲಿ. ಅದನ್ನು ಅವರು ಹೊರಿಸಿದುದು ನಿರಪರಾಧಿಯಾದ ಮಗಳ ಮೇಲೆ.

ಹಾಗಾದರೆ ಗರ್ಭವಿಲ್ಲದೆಯೂ ಮುಟ್ಟು ತಡವಾಗುವುದೇಕೆ? ಒಂದು ಋತುಸ್ರಾವದ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ 24ರಿಂದ 38 ದಿನಗಳ ಅಂತರವನ್ನು ಇಂದಿನ ವೈದ್ಯರು ವಯಸ್ಕ ಸ್ತ್ರೀಯರಲ್ಲಿ ಸಹಜವೆಂದು ಎಣಿಸುತ್ತಾರೆ. ಒಬ್ಬಳೇ ಸ್ತ್ರೀಯಲ್ಲಿಯೂ ತಿಂಗಳಿಂದ ತಿಂಗಳಿಗೆ ಕೆಲವು ದಿನಗಳು ಹಿಂದುಮುಂದಾಗುವುದುಂಟು. ಈ ಚಕ್ರಕ್ಕೆ ಎರಡು ಭಾಗಗಳಿವೆ. ಅಂಡಾಶಯದಲ್ಲಿ ಅಂಡವು ಪಕ್ವವಾಗಿ ಹೊರಬೀಳುವವರೆಗಿನದು ಪೂರ್ವಾರ್ಧ. ಅನಂತರ ಸ್ರಾವವಾಗುವವರೆಗಿನದು ಉತ್ತರಾರ್ಧ. ಉತ್ತರಾರ್ಧವು ಸುಮಾರು 14 ದಿನಗಳದಾಗಿ ಬಹುಮಟ್ಟಿಗೆ ಸ್ಥಿರವಾಗಿರುವುದು, ಪೂರ್ವಾರ್ಧವು ಚಂಚಲವಾದುದು. ಆದುದರಿಂದ ಮುಟ್ಟು ತಡವಾಯಿತೆಂದರೆ, ಸಾಮಾನ್ಯವಾಗಿ, ಆ ತಿಂಗಳು ಅಂಡವು ಹೊರಬೀಳುವುದೇ ತಡವಾಯಿತು, ಅಥವಾ ಹೊರಬೀಳಲೇ ಇಲ್ಲವೆಂದು ಅರ್ಥ.

ಅಂಡವನ್ನು ಪಕ್ವಗೊಳಿಸುವ ಅಪ್ಪಣೆಯು ಮೆದುಳಿನಿಂದ ಬರತಕ್ಕುದು. ಮನಸ್ಸಿನ ಕಳವಳ, ಜ್ವರ, ನಿದ್ದೆಗೇಡು, ರಾತ್ರಿಪಾಳಿಯ ದುಡಿಮೆ, ದೀರ್ಘವಾದ ಉಪವಾಸ, ತೂಕವು ಬೇಗನೆ ಇಳಿಯುವುದು ಅಥವಾ ಏರುವುದು, ಮಿತಿಮೀರಿದ ವ್ಯಾಯಾಮ ಇವುಗಳಿಂದ ಆ ಅಪ್ಪಣೆಯು ತಡೆಯುವುದು. ಪರೀಕ್ಷೆಗಾಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟ ವಿದ್ಯಾರ್ಥಿನಿಗೆ ಮುಟ್ಟು ನಿಂತರೆ ಅದರಲ್ಲಿ ವಿಸ್ಮಯವೇನೂ ಇಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಹೆಚ್ಚಳ, ಇಂದು ಬಹಳವಾಗಿ ಕಾಣಬರುವ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇವೂ ಕಾರಣಗಳೇ. ಮೊಲೆಯೂಡಿಸುವ ತಾಯಂದಿರಲ್ಲಿ ಮುಟ್ಟು ತಡೆಯುವುದು ಸಹಜ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ 'ಅಂತರಾ' ಚುಚ್ಚುಮದ್ದಿನಿಂದಲೂ 'ಛಾಯಾ' ಮಾತ್ರೆಯಿಂದಲೂ ಮುಟ್ಟು ಮುಂದೆ ಹೋಗುವುದುಂಟು. ಸುಶ್ರುತನು ರಜಸ್ಸಿನ ಅವಧಿಯನ್ನು ಹನ್ನೆರಡರಿಂದ ಐವತ್ತನೆಯ ವಯಸ್ಸಿನವರೆಗೆಂದು ಹೇಳಿದನು. ಈ ಅವಧಿಯ ಎರಡು ತುದಿಗಳಲ್ಲಿ, ಎಂದರೆ ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ ಮತ್ತು ನಲವತ್ತು ದಾಟಿದ ಮೇಲೆ, ಕ್ರಮ ತಪ್ಪುವುದು ಹೆಚ್ಚು.

ಇನ್ನು ಪರೀಕ್ಷೆಯ ವಿಷಯ. ಆಶಾ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಕೊಡುವ ಗರ್ಭಪರೀಕ್ಷೆಯ ಸಾಧನಕ್ಕೆ 'ನಿಶ್ಚಯ್' ಎಂದೇ ಹೆಸರು. ಹೆಸರು ಸುಂದರವಾಗಿದೆ, ಆದರೆ ಯಾವುದು ನಿಶ್ಚಯವೆಂಬುದನ್ನು ವಿಚಾರಿಸಬೇಕು. ಗರ್ಭವು ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲಷ್ಟೇ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತವನ್ನು ಸೇರಿ ಮೂತ್ರದಲ್ಲಿ ಕಾಣಿಸಿಕೊಳ್ಳುವುದು. ಅಂಡವು ಹೊರಬಿದ್ದ ಮೇಲೆ ಇದಕ್ಕೆ ಒಂದು ವಾರಕ್ಕಿಂತ ಹೆಚ್ಚು ಕಾಲ ಬೇಕಾಗುವುದುಂಟು. ಅಂಡವೇ ತಡವಾಗಿ ಹೊರಬಿದ್ದಿದ್ದರೆ, ಮುಟ್ಟಿನ ದಿನ ಮೀರಿದ್ದರೂ ಪರೀಕ್ಷೆಗೆ ಕಾಲ ಬಂದಿರುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣಲಿಲ್ಲವೆಂದ ಮಾತ್ರಕ್ಕೆ ಕೊಡವಿಲ್ಲವೆನ್ನಲಾಗದು. ದೀಪವಿದ್ದು, ಇದ್ದಿದ್ದರೆ ಕಾಣಲೇಬೇಕಾದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದಿಲ್ಲವೆಂಬ ಜ್ಞಾನವು ಪ್ರಮಾಣ. ಇದನ್ನೇ ಶಾಸ್ತ್ರಜ್ಞರು ಯೋಗ್ಯಾನುಪಲಬ್ಧಿ ಎಂದರು. ಅಕಾಲದಲ್ಲಿ ಮಾಡಿದ ಪರೀಕ್ಷೆಯು ಕತ್ತಲೆಯ ಕೋಣೆ. ಒಂದು ವಾರ ಕಳೆದು ಮುಂಜಾನೆಯ ಮೊದಲ ಮೂತ್ರದಿಂದ ಮತ್ತೆ ಮಾಡಿದ ಪರೀಕ್ಷೆಯು ದೀಪ. ಆಗಲೂ ಸಂದೇಹ ಉಳಿದರೆ ರಕ್ತಪರೀಕ್ಷೆಯುಂಟು. ಇಷ್ಟಾದ ಮೇಲೂ ಇಲ್ಲವೆಂದು ಬಂದರೆ ಇಲ್ಲವೆಂದು ನಂಬುವುದೇ ವಿವೇಕ. ಪ್ರಮಾಣ ದೊರೆತ ಮೇಲೂ ಉಳಿಯುವ ಸಂಶಯವು ಜಿಜ್ಞಾಸೆಯಲ್ಲ, ದ್ವೇಷ.

ಎಲ್ಲಿ ತಾಳ್ಮೆ ಬೇಕೋ ಅಲ್ಲಿ ತಾಳ್ಮೆ, ಎಲ್ಲಿ ತ್ವರೆ ಬೇಕೋ ಅಲ್ಲಿ ತ್ವರೆ. ಮುಟ್ಟು ತಡವಾದಾಗ ಕಿಬ್ಬೊಟ್ಟೆಯಲ್ಲಿ ತೀವ್ರವಾದ ನೋವು, ಅದರಲ್ಲಿಯೂ ಒಂದೇ ಪಕ್ಕದಲ್ಲಿ, ಭುಜದ ತುದಿಯ ನೋವು, ತಲೆತಿರುಗಿ ಬೀಳುವುದು, ಅಸಹಜವಾದ ರಕ್ತಸ್ರಾವ ಇವುಗಳಲ್ಲಿ ಒಂದಾದರೂ ಕಂಡರೆ, ಪರೀಕ್ಷಾಪಟ್ಟಿ ಏನನ್ನೇ ಹೇಳಿರಲಿ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಕೋಶದ ಹೊರಗೆ ನಿಂತ ಗರ್ಭವು ಪ್ರಾಣಕ್ಕೆ ಎರವಾಗಬಲ್ಲುದು. ಇಂತಹ ಲಕ್ಷಣಗಳಾವುವೂ ಇಲ್ಲದೆ, ಕ್ರಮವಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ಬಾರದಿದ್ದರೆ ವೈದ್ಯರಲ್ಲಿಗೆ ಹೋಗತಕ್ಕುದು. ಮೊಲೆಯೂಡಿಸದವಳಿಗೆ ಮೊಲೆಹಾಲು ಬರುವುದು, ಮುಖದ ಮೇಲೆ ಒರಟು ಕೂದಲು ಬೆಳೆಯುವುದು ಮೊದಲಾದ ಚಿಹ್ನೆಗಳಿದ್ದರೆ ಅದಕ್ಕಿಂತ ಮೊದಲೇ ತೋರಿಸಬೇಕು.

ಇಲ್ಲಿ ಶರಣಧರ್ಮದ ಮಾತು ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರು ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟವೆಂಬ ಐದು ಸೂತಕಗಳನ್ನು ಲಿಂಗಧಾರಿಗಳಿಗೆ ಇಲ್ಲವೆಂದು ಸಾರಿದರು. ಸಿದ್ಧಾಂತಶಿಖಾಮಣಿಯೂ ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದ ಸೂತಕವಿಲ್ಲವೆನ್ನುವುದು. ಮುಟ್ಟಾದರೆ ಸೂತಕವಿಲ್ಲವೆಂದ ಮೇಲೆ ಮುಟ್ಟಾಗದಿದ್ದರೆ ಕಳಂಕವೆಲ್ಲಿಂದ ಬಂದಿತು? ಬರುವಾಗ ಹೊರಗಿಡುವುದು, ಬಾರದಾಗ ಸಂಶಯಿಸುವುದು, ಇವೆರಡೂ ಒಂದೇ ಬೇರಿನಿಂದ ಹುಟ್ಟಿದ ಕೊಂಬೆಗಳು. ಸೂತಕವನ್ನು ಬಾಯಿಂದ ಬಿಟ್ಟವರು ಅದನ್ನು ಕಣ್ಣಿನಲ್ಲಿ ಇಟ್ಟುಕೊಂಡರೆ ಬಿಟ್ಟಂತಾಗದು.

ಹಬ್ಬಹುಣ್ಣಿಮೆ, ಜಾತ್ರೆ, ಮದುವೆಗಳೆಂದು ಮುಟ್ಟನ್ನು ಮುಂದೂಡುವ ಮಾತ್ರೆಗಳನ್ನು ನುಂಗಿಸುವ ವಾಡಿಕೆಯು ಲಿಂಗವಂತರ ಮನೆಗಳಲ್ಲಿಯೂ ಕಾಣಬರುವುದು ಖೇದಕರ. ನಾರೆಥಿಸ್ಟರೋನ್ ಎಂಬ ಈ ಔಷಧವನ್ನು ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಸ್ರಾವವಾಗುವುದು. ಆದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ತೊಂದರೆಯಿದ್ದವರಿಗೂ ಯಕೃತ್ತಿನ ರೋಗವುಳ್ಳವರಿಗೂ ಅದು ಅಪಾಯಕರ. ವೈದ್ಯರು ಕಾರಣವಿದ್ದು ಕೊಟ್ಟರೆ ಅದು ಔಷಧ. ಲಿಂಗಪೂಜೆಗೆ ಅಡ್ಡಿಯಾಗುವುದೆಂದು ತಾವಾಗಿ ನುಂಗಿದರೆ, ಗುರುವು ಇಲ್ಲವೆಂದ ಸೂತಕವನ್ನು ಮಾತ್ರೆಯ ಮೂಲಕ ಮತ್ತೆ ಮನೆಗೆ ತಂದಂತೆ.

ಹಿರಿಯರು ಒಂದು ಆಕ್ಷೇಪವನ್ನು ಎತ್ತಬಹುದು: "ಮಕ್ಕಳ ಹಿತಕ್ಕಾಗಿಯೇ ಕೇಳುತ್ತೇವೆ, ಕೇಳಲೇ ಬಾರದೆಂದರೆ ಹಿರಿತನಕ್ಕೆ ಅರ್ಥವೇನು?" ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಕೇಳದೆ ಬಿಡುವುದು ಉದಾಸೀನ, ಅದೂ ಧರ್ಮವಲ್ಲ. ಮಗಳು ಹೇಳಲಂಜಿದ ರೋಗವು ತಾಯಿಯ ಪ್ರಶ್ನೆಯಿಂದಲೇ ಎಷ್ಟೋ ಸಲ ಬೆಳಕಿಗೆ ಬಂದಿರುವುದು. ಆದರೆ ಪ್ರಶ್ನೆಗಳಲ್ಲಿ ಎರಡು ವಿಧ. "ಮೈಯಲ್ಲಿ ಹೇಗಿದೆ, ಮಗಳೇ? ಊಟ ಸೇರುತ್ತದೆಯೇ? ನಿದ್ದೆ ಬರುತ್ತದೆಯೇ?" ಎಂಬುದು ದಾಸೋಹದ ಪ್ರಶ್ನೆ. "ಎಲ್ಲಿಗೆ ಹೋಗಿದ್ದೆ? ಯಾರ ಸಂಗಡ?" ಎಂಬುದು ನ್ಯಾಯಾಸ್ಥಾನದ ಪ್ರಶ್ನೆ. ಮೊದಲನೆಯದಕ್ಕೆ ಬಾಯಿ ತೆರೆಯುವುದು, ಎರಡನೆಯದಕ್ಕೆ ಮುಚ್ಚುವುದು. ಗರ್ಭವೇ ನಿಂತಿದ್ದರೂ ಆ ಹುಡುಗಿಗೆ ಮೊದಲು ಬೇಕಾದುದು ಹೆದರದೆ ಹೇಳಿಕೊಳ್ಳಬಹುದಾದ ಮನೆ. ಅದು ಇಲ್ಲದಾಗ ಅವಳು ಕದ್ದು ತೆಗೆದುಕೊಂಡ ಔಷಧವೇ ಅವಳ ಜೀವಕ್ಕೆ ಮುಳುವಾಗಬಹುದು.

ಮಕ್ಕಳಿಗಾಗಿ ಹಾರೈಸುವ ಮನೆಗೂ ಒಂದು ಮಾತುಂಟು. ಗಂಡಹೆಂಡಿರು ಕೂಡಿ ಬಾಳಿ ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರಲ್ಲಿಗೆ ಹೋಗಬೇಕು. ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಹೋಗತಕ್ಕುದು. ಅನೇಕ ಪ್ರಸಂಗಗಳಲ್ಲಿ ಕಾರಣವು ಗಂಡಿನಲ್ಲಿರುವುದು, ಅದನ್ನು ತಿಳಿಯುವ ಪರೀಕ್ಷೆಯೂ ಸುಲಭವಾದುದು. ಹಾಗಿರಲು ತಿಂಗಳು ತಿಂಗಳೂ ಸೊಸೆಯೊಬ್ಬಳ ದಿನಗಳನ್ನೇ ಎಣಿಸುತ್ತ ಕೂಡುವುದು ಅನ್ಯಾಯ. ಆ ಎಣಿಕೆಯ ಕಳವಳದಿಂದಲೇ ಅವಳ ಮುಟ್ಟು ಮತ್ತಷ್ಟು ತಡವಾಗಬಹುದೆಂಬುದನ್ನೂ ಅತ್ತೆಯಾದವಳು ನೆನೆಯಬೇಕು.

ಶರಣರ ಧರ್ಮದಲ್ಲಿ ದಯೆಯು ಮೊದಲನೆಯದು. ದಯೆಯೆಂಬುದು ಮನೆಯ ಬಾಗಿಲಿಗೆ ಬಂದ ಜಂಗಮರಿಗೆ ನೀಡುವ ಅನ್ನದಲ್ಲಿ ಮಾತ್ರವಿಲ್ಲ. ಮೈ ತನ್ನ ಲೆಕ್ಕವನ್ನು ತಪ್ಪಿದ ದಿನಗಳಲ್ಲಿ ಮನೆಯ ಹೆಣ್ಣುಮಗಳ ಮೇಲೆ ತೀರ್ಪು ಹೇಳದೆ ಇರುವುದೂ ದಯೆಯೇ. ವಾರವೊಂದು ಕಾಯುವುದು, ಮತ್ತೆ ಪರೀಕ್ಷಿಸುವುದು, ಬಂದ ಉತ್ತರವನ್ನು ನಂಬುವುದು, ಬೇಕಾದರೆ ಜೊತೆಯಲ್ಲಿ ಆಸ್ಪತ್ರೆಗೆ ನಡೆಯುವುದು: ಇಷ್ಟನ್ನು ಮಾಡಿದ ಮನೆಯಲ್ಲಿ ಅಂಗವು ಲಿಂಗಕ್ಕೆ ನೆಲೆಯೆಂಬ ಮಾತು ಪುಸ್ತಕದಿಂದ ಇಳಿದು ನಡೆಗೆ ಬಂದಿರುವುದು. ಸದ್ಭಕ್ತರ ಮನೆಗಳಲ್ಲಿ ಅದು ನೆಲೆಗೊಳ್ಳಲಿ.