ಸಾಕು ಎನ್ನುವ ಹಕ್ಕು

ಕಲಬುರಗಿಯ ಐವಾನ್-ಎ-ಶಾಹಿ ನಿಜಾಮರು ಈ ಊರಿಗೆ ಬಂದಾಗ ತಂಗಲೆಂದು ಕಟ್ಟಿಸಿದ ಕಲ್ಲಿನ ಬಂಗಲೆ. ಈಗ ಅದು ಸರ್ಕಾರಿ ಅತಿಥಿಗೃಹ. ದೊರೆಯ ವಿಶ್ರಾಂತಿಗೆ ಒಂದು ಮಹಲೇ ಎದ್ದಿತು. ಆ ಕಲ್ಲು ಹೊತ್ತವರ ವಿಶ್ರಾಂತಿಗೆ ಏನು ಏರ್ಪಾಡು ಎಂಬ ಪ್ರಶ್ನೆಯನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಮೇ 1ರ ಕಾರ್ಮಿಕರ ಸೂಟಿ ಆ ಪ್ರಶ್ನೆಗೆ ಜಗತ್ತು ತಡವಾಗಿ ಕೊಟ್ಟ ಉತ್ತರ.

ಆದರೆ ದುಡಿಮೆಗೆ ಮಾನ ಸಲ್ಲಿಸುವ ದಿನ ದುಡಿಮೆಯನ್ನೇ ಯಾಕೆ ನಿಲ್ಲಿಸಬೇಕು? ಅದರಲ್ಲೂ ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಶರಣರ ಸೀಮೆಯಲ್ಲಿ? 'ಕಾಯಕಕ್ಕ ಎಲ್ಲಿ ಸೂಟಿ?' ಎಂದು ಹೇಳಿ ಆಳುಗಳಿಂದ ಹೊತ್ತು ಮುಳುಗಿದ ಮೇಲೂ ಕೆಲಸ ತೆಗೆಯುವವರಿದ್ದಾರೆ. ಶರಣರ ವಿಚಾರಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನೆಯಿರಿ. ಆಕೆಯ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೇಕೆ ತಂದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಇದನ್ನು ಆಸೆಯ ವಿರುದ್ಧದ ಪಾಠವಾಗಿ ಓದುವುದು ರೂಢಿ. ಆ ಓದು ಸರಿಯೇ. ಆದರೆ ನನಗೆ ಇಲ್ಲಿ ಇನ್ನೊಂದು ವಿಚಾರವೂ ಕಾಣುತ್ತದೆ: ಕಾಯಕದ ಒಳಗೇ ಒಂದು ಮಿತಿ ಇದೆ. ಎಷ್ಟು ಆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವವರು ಆ ಗಂಡಹೆಂಡಿರೇ ಹೊರತು ಬೇರೆ ಯಾರೂ ಅಲ್ಲ. ಸಾಕು ಎನ್ನುವ ಅಧಿಕಾರ ದುಡಿಯುವವರ ಕೈಲಿದ್ದಾಗ ಮಾತ್ರ ದುಡಿಮೆ ಕಾಯಕವಾಗುತ್ತದೆ. ಅದನ್ನು ಕಿತ್ತುಕೊಂಡರೆ ಉಳಿಯುವುದು ಬರೀ ಚಾಕರಿ.

ಕೂಲಿಗೆ ದುಡಿಯುವವರಿಗೆ ಆ ಅಧಿಕಾರ ಎಲ್ಲಿದೆ? ತೊಗರಿ ಸುಗ್ಗಿಯಲ್ಲಿ ಇಲ್ಲಿಯ ಕಾಳಿನ ಮಾರುಕಟ್ಟೆ ನೆಹರು ಗಂಜ್‌ಗೆ ಹೋಗಿ ನೋಡಬೇಕು. ಹಮಾಲನ ಹೆಗಲ ಮೇಲೆ ಮಡಿಸಿದ ಟವೆಲು, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಕೊಕ್ಕೆಯನ್ನು ಚೀಲದ ಮೂಲೆಗೆ ಚುಚ್ಚಿ, ಮೊಣಕಾಲು ಕೊಟ್ಟು ಎತ್ತಿ, ಬೆನ್ನಿಗೇರಿಸಿಕೊಂಡು ಹಲಗೆಯ ಮೇಲೆ ಲಾರಿ ಹತ್ತುತ್ತಾನೆ. ಹಲಗೆ ಬಾಗುತ್ತದೆ, ಹೆಜ್ಜೆ ಬಾಗುವುದಿಲ್ಲ. ಅವನಿಗೆ ಕೂಲಿ ಚೀಲದ ಲೆಕ್ಕ. ಬೆನ್ನು ಸಾಕು ಅಂದರೂ ಮನೆಯ ಖರ್ಚು ಇನ್ನೊಂದು ಚೀಲ ಅನ್ನುತ್ತದೆ. ಅವನ ಮಿತಿಯನ್ನು ಗೊತ್ತು ಮಾಡುವುದು ಅವನಲ್ಲ, ದರ.

ಒಬ್ಬೊಬ್ಬರಾಗಿ ಹೇಳಲಾಗದ 'ಸಾಕು' ಎಂಬ ಮಾತನ್ನು ಎಲ್ಲರೂ ಸೇರಿ ಹೇಳುವ ದಾರಿಯೇ ಮೇ ದಿನ. 1886ರ ಮೇ 1ರಂದು ಷಿಕಾಗೊ ಮತ್ತು ಅಮೆರಿಕದ ಇತರ ನಗರಗಳ ಕಾರ್ಮಿಕರು ದಿನಕ್ಕೆ 8 ಗಂಟೆ ಕೆಲಸ ಎಂಬ ಒಂದೇ ಬೇಡಿಕೆಗೆ ಮುಷ್ಕರ ಹೂಡಿದರು. ಮೇ 4ರಂದು ಷಿಕಾಗೊದ ಹೇ ಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿಯಿತು. ಆ ಬಾಂಬಿನ ಆರೋಪ ಹೊರಿಸಿ ಮರುವರ್ಷ ನಾಲ್ವರು ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಭಾರತದಲ್ಲಿ ಮೊದಲ ಮೇ ದಿನ ನಡೆದದ್ದು 1923ರಲ್ಲಿ, ಮದ್ರಾಸಿನಲ್ಲಿ, ಸಿಂಗಾರವೇಲು ಚೆಟ್ಟಿಯಾರರ ಮುಂದಾಳ್ತನದಲ್ಲಿ. 1946ರಲ್ಲಿ ಅಂಬೇಡ್ಕರ್ ಕಾರ್ಮಿಕ ಖಾತೆಯ ಹೊಣೆ ಹೊತ್ತಿದ್ದಾಗ ಕಾರ್ಖಾನೆಗಳ ವಾರದ ದುಡಿಮೆ 54ರಿಂದ 48 ಗಂಟೆಗೆ ಇಳಿಯಿತು.

ಆದರೆ ಬಿಡುವು ಯಾತಕ್ಕೆ? ನಾಳೆ ಚೆನ್ನಾಗಿ ದುಡಿಯಲಿ ಎಂದು ಇವತ್ತು ಬಿಡುವು ಕೊಡುವುದು ಎತ್ತಿಗೆ ಮೇವು ಹಾಕಿದ ಹಾಗೆ. ಅಲ್ಲಿ ಬಿಡುವೂ ಕೆಲಸದ ಸೇವೆಗೇ. ಗ್ರೀಸಿನ ಅರಿಸ್ಟಾಟಲ್ ಈ ಲೆಕ್ಕವನ್ನು ತಿರುಗಿಸಿದ್ದ. ಬಿಡುವಿಗಾಗಿಯೇ ದುಡಿಮೆ; ಮನುಷ್ಯನ ವಿಚಾರ, ಗೆಳೆತನ, ಊರಿನ ಹೊಣೆ ಎಲ್ಲ ಬೆಳೆಯುವುದು ಬಿಡುವಿನಲ್ಲಿ ಎಂಬುದು ಅವನ ವಾದ. ದೊಡ್ಡ ವಿಚಾರವೇ. ಆದರೆ ಅವನ ನಾಗರಿಕರ ಬಿಡುವು ನಿಂತದ್ದು ಗುಲಾಮರ ಬೆನ್ನ ಮೇಲೆ, ಅದನ್ನವನು ತಪ್ಪೆಂದು ಬಗೆಯಲಿಲ್ಲ. ಎಂಟು ಗಂಟೆಯ ಚಳವಳಿ ಆ ವಿಚಾರವನ್ನು ಇಟ್ಟುಕೊಂಡು ಗುಲಾಮಗಿರಿಯನ್ನು ಕಳೆಯಿತು: ಬಿಡುವು ಎಲ್ಲರ ಪಾಲು, ದುಡಿಯುವವರದೂ ಹೌದು. ಮೇ 1ರಂದು ಕೆಲಸ ನಿಲ್ಲುವುದರ ತತ್ತ್ವ ಇಷ್ಟೇ: ಈ ಮನುಷ್ಯ ತನ್ನ ದುಡಿಮೆಗಿಂತ ದೊಡ್ಡವನು.

ಹಾಗಾದರೆ ಪಗಾರವಿಲ್ಲದ ಸೂಟಿಯನ್ನು ಮಾನವೆನ್ನಲು ಬರುವುದಿಲ್ಲ. ಕರ್ನಾಟಕದ 1963ರ ರಜೆ ಕಾಯಿದೆಯಡಿ ಕಾರ್ಖಾನೆ, ಸಂಸ್ಥೆಗಳ ನೌಕರರಿಗೆ ಮೇ 1 ಪಗಾರ ಸಹಿತ ರಜೆ. ಕಮಲಾಪುರದ ಕೆಂಪು ಬಾಳೆ ತೋಟದ ಕೂಲಿ ಹೆಣ್ಣಾಳಿಗೆ, ಶಹಾಬಾದಿನ ಫರ್ಸಿ ಖಣಿಯಲ್ಲಿ ದಿನಗೂಲಿಗೆ ಕಲ್ಲು ಒಡೆಯುವವನಿಗೆ ಅದು ಇನ್ನೂ ಮುಟ್ಟಿಲ್ಲ. ಬೇಸಿಗೆಯಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ. ಬಿಸಿಲಿಗೆ ಮನುಷ್ಯನ ಮೈ ತಾಳದು ಎಂಬುದು ಸರ್ಕಾರಕ್ಕೂ ಗೊತ್ತು. ಫ್ಯಾನಿನ ಕೆಳಗಿನ ಮೈಗೆ ಒಪ್ಪಿದ ಮಾತು ಖಣಿಯೊಳಗಿನ ಮೈಗೆ ಯಾಕೆ ಒಪ್ಪುವುದಿಲ್ಲ?

ದಿನಗೂಲಿಯವರಿಗೆ ಪಗಾರದ ಸೂಟಿ ಕೊಡುವುದು ಹೇಗೆ ಸಾಧ್ಯ ಎಂದು ಕೇಳುವವರು ನಮ್ಮ ಆಳಂದ, ಅಫಜಲಪುರದ ಆಚೆಗಿನ ಮಹಾರಾಷ್ಟ್ರವನ್ನು ನೋಡಲಿ. ಅಲ್ಲಿ 1969ರಲ್ಲೇ ಮಾಥಾಡಿ, ಅಂದರೆ ತಲೆಹೊರೆ ಹೊರುವ, ಹಮಾಲರ ಕಾಯಿದೆ ಬಂತು. ಹಮಾಲರು ಆ ಕಾಯಿದೆಯಡಿಯ ಮಂಡಳಿಯಲ್ಲಿ ಹೆಸರು ನೋಂದಾಯಿಸುತ್ತಾರೆ. ವ್ಯಾಪಾರಿಗಳು ಕೂಲಿಯ ಜೊತೆಗೆ ಅದರ ಮೇಲೊಂದು ಪಾಲನ್ನೂ ಮಂಡಳಿಗೆ ಕಟ್ಟುತ್ತಾರೆ. ಭವಿಷ್ಯನಿಧಿ, ಬೋನಸ್ಸು, ಸೂಟಿಯ ಪಗಾರ ಆ ಪಾಲಿನಿಂದ ಹುಟ್ಟುತ್ತವೆ. ಒಬ್ಬ ಧಣಿ ಇಲ್ಲದವರಿಗೂ ಸೂಟಿಯ ಹಕ್ಕು ಕೊಡುವ ದಾರಿ ಅದು. ನಮ್ಮ ಗಂಜ್‌ನ ಹಮಾಲನಿಗೂ ಅಂಥ ಕಾಯಿದೆ ಬೇಕು.